ಟೋಲ್: ಸುಂಕ, ಗಂಟೆ ಮತ್ತು ಸತ್ತವರ ಲೆಕ್ಕ

ಇಂಗ್ಲಿಷಿನಲ್ಲಿ ‘ಟೋಲ್’ ಎಂಬ ಪುಟ್ಟ ಪದವೊಂದಿದೆ. ಈ ದೇಶಕ್ಕೆ ಬಂದು ಕಾರು ಓಡಿಸಲು ಕಲಿತ ಮೊದಲ ವಾರದಲ್ಲೇ ನಮಗೆಲ್ಲ ಅದರ ಪರಿಚಯವಾಗಿಬಿಡುತ್ತದೆ. ಸೇತುವೆ ದಾಟಿದರೆ ಟೋಲ್, ಸುರಂಗ ಹೊಕ್ಕರೆ ಟೋಲ್, ಟರ್ನ್‌ಪೈಕ್ ಹತ್ತಿದರೆ ಟೋಲ್. ಊರಿನಲ್ಲೂ ಈಗ ಇದು ಅಚ್ಚ ಕನ್ನಡದ ಪದವೇ ಆಗಿಹೋಗಿದೆ. 2023ರಲ್ಲಿ ಬೆಂಗಳೂರು-ಮೈಸೂರು ಹೊಸ ಹೆದ್ದಾರಿ ತೆರೆದಾಗಿನಿಂದ, ಮೈಸೂರಿಗೆ ಹೋಗಿಬಂದ ನೆಂಟರು ಚಾಮುಂಡಿ ದರ್ಶನದ ಮಾತಿಗಿಂತ ಮೊದಲು ಟೋಲ್ ಎಷ್ಟಾಯಿತು ಎಂದು ಹೇಳುತ್ತಾರೆ.

ಅದೇ ಪದ ಚರ್ಚಿನ ಗಂಟೆಗೂ ಸಲ್ಲುತ್ತದೆ. ಸಾವಾದಾಗ ನಿಧಾನವಾಗಿ, ಒಂದು ಪೆಟ್ಟು ಪೂರ್ತಿ ಅಡಗಿದ ಮೇಲೆ ಇನ್ನೊಂದು ಪೆಟ್ಟು ಎಂಬಂತೆ ಬಾರಿಸುವುದಕ್ಕೆ ‘ಟೋಲಿಂಗ್’ ಎನ್ನುತ್ತಾರೆ. ಸಂಜೆಯ ವಾರ್ತೆಯಲ್ಲಿ ಅದೇ ಪದ ಮೂರನೆಯ ವೇಷದಲ್ಲಿ ಬರುತ್ತದೆ. ಭೂಕಂಪದಲ್ಲಿ, ಬಿರುಗಾಳಿಯಲ್ಲಿ ಸತ್ತವರ ಒಟ್ಟು ಸಂಖ್ಯೆ ‘ಡೆತ್ ಟೋಲ್’.

ದಾರಿಯ ಸುಂಕಕ್ಕೂ, ಸಾವಿನ ಗಂಟೆಗೂ, ಸತ್ತವರ ಲೆಕ್ಕಕ್ಕೂ ಏನು ನಂಟು? ಡೆತ್ ಟೋಲ್ ಎಂಬುದು ಗಂಟೆಯಿಂದ ಬಂದದ್ದೆಂದೇ ಬಹಳ ಜನ ತಿಳಿದಿದ್ದಾರೆ. ನಿಘಂಟುಗಳು ಬೇರೆಯದೇ ಕಥೆ ಹೇಳುತ್ತವೆ. ನಾನು ಭಾಷಾಶಾಸ್ತ್ರಜ್ಞನಲ್ಲ, ವೃತ್ತಿಯಿಂದ ವೈದ್ಯ. ಆದರೆ ಮರಣಪತ್ರಕ್ಕೆ ಸಹಿ ಹಾಕುವುದು ನಮ್ಮ ಕೆಲಸದ ಒಂದು ಭಾಗವಾದ್ದರಿಂದ ಈ ಪದದ ಬೆನ್ನು ಹತ್ತಿದೆ. ಸಿಕ್ಕ ಸಂಗತಿಗಳನ್ನು ನಮ್ಮ ಕೂಟದ ಓದುಗರ ಮುಂದೆ ಇಡುತ್ತಿದ್ದೇನೆ.

ಮೊದಲು ಸುಂಕದ ಟೋಲ್. ಇದರ ಬೇರು ಗ್ರೀಕಿನಲ್ಲಿದೆ. ಗ್ರೀಕಿನಲ್ಲಿ ‘ಟೆಲೋಸ್’ ಎಂದರೆ ಕೊನೆ ಎಂದೂ ಅರ್ಥ, ತೆರಿಗೆ ಎಂದೂ ಅರ್ಥ. ತೆರಿಗೆ ವಸೂಲು ಮಾಡುವ ಕಟ್ಟೆಗೆ ‘ಟೆಲೋನಿಯನ್’ ಎಂದು ಹೆಸರು. ಅದು ಲ್ಯಾಟಿನ್ನಿಗೆ ಹೋಗಿ, ಅಲ್ಲಿಂದ ಉತ್ತರದ ಭಾಷೆಗಳಿಗೆ ಹರಡಿ ಜರ್ಮನ್ನಿನಲ್ಲಿ ‘ತ್ಸೋಲ್’ ಆಯಿತು, ಇಂಗ್ಲಿಷಿನಲ್ಲಿ ‘ಟೋಲ್’ ಆಯಿತು. ಬೈಬಲಿನಲ್ಲಿ ಮತ್ತಾಯನೆಂಬುವನು ಕೂತಿದ್ದದ್ದು ಇಂಥದೇ ಒಂದು ಸುಂಕದ ಕಟ್ಟೆಯಲ್ಲಿ. ಯೇಸು ಕರೆದಾಗ ಎದ್ದು ಹಿಂದೆ ಹೋದ, ಶಿಷ್ಯನಾದ. ಇದನ್ನು ಓದುವಾಗ ಕನ್ನಡಿಗರಿಗೆ ಹನ್ನೆರಡನೆಯ ಶತಮಾನದ ಸುಂಕದ ಬಂಕಣ್ಣ ನೆನಪಾಗದೆ ಇರುವುದಿಲ್ಲ. ಸುಂಕ ವಸೂಲಿಯ ಕಾಯಕದವನಾಗಿದ್ದುಕೊಂಡೇ ಶರಣನಾದವನು ಆತ. ಅವನ ವಚನಗಳ ತುಂಬ ಸುಂಕದ ಕಟ್ಟೆಯ ಮಾತುಗಳೇ.

ನಮ್ಮ ‘ಸುಂಕ’ ಸಂಸ್ಕೃತದ ‘ಶುಲ್ಕ’ದ ತದ್ಭವ. ಒಂದೇ ತಾಯಿಯ ಮಕ್ಕಳು, ಆದರೆ ಮರ್ಯಾದೆ ಬೇರೆ ಬೇರೆ. ವೈದ್ಯರು, ವಕೀಲರು ತೆಗೆದುಕೊಂಡರೆ ಶುಲ್ಕ. ದಾರಿಯಲ್ಲಿ ಅಡ್ಡಗಟ್ಟಿ ತೆಗೆದುಕೊಂಡರೆ ಸುಂಕ! ಚಾಲುಕ್ಯ, ಹೊಯ್ಸಳರ ಕಾಲದ ಶಾಸನಗಳಲ್ಲಿ ದೊಡ್ಡ ಸರಕುಗಳ ಸುಂಕಕ್ಕೆ ‘ಪೆರ್ಜುಂಕ’ ಅಥವಾ ‘ಹೆಜ್ಜುಂಕ’ ಎಂಬ ಹೆಸರಿದೆ. ಚಿಲ್ಲರೆ ಸರಕುಗಳ ಮೇಲಿನ ಸುಂಕಕ್ಕೆ ಅಲ್ಲಿರುವ ಹೆಸರು ‘ಕಿರುಕುಳ’. ಆ ಪದಕ್ಕೆ ಇವತ್ತು ನಮ್ಮ ಬಾಯಲ್ಲಿ ಇರುವ ಅರ್ಥವನ್ನು ಯೋಚಿಸಿದರೆ, ಸಂತೆಗೆ ಹೊರೆ ಹೊತ್ತು ಹೋಗುತ್ತಿದ್ದ ನಮ್ಮ ಹಿರಿಯರ ಮುಖ ಕಣ್ಣ ಮುಂದೆ ಬರುತ್ತದೆ. ಸುಂಕದವನ ಹತ್ತಿರ ಸುಖದುಃಖ ಹೇಳಿಕೊಂಡ ಹಾಗೆ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಇಂಗ್ಲೆಂಡಿನಲ್ಲಿಯೂ ಸುಂಕದವನ ಹೆಸರು ಕೆಟ್ಟದ್ದೇ. ಹಿಟ್ಟಿನ ಗಿರಣಿಯವನು ಬೀಸಿಕೊಟ್ಟದ್ದಕ್ಕೆ ದುಡ್ಡಿನ ಬದಲು ಧಾನ್ಯದಲ್ಲೇ ಪಾಲು ಇಟ್ಟುಕೊಳ್ಳುತ್ತಿದ್ದ. ಅದಕ್ಕೂ ಟೋಲ್ ಎಂದೇ ಹೆಸರು. ಹದಿನಾಲ್ಕನೆಯ ಶತಮಾನದ ಕವಿ ಚಾಸರನ ಗಿರಣಿಯವನು ಒಂದು ಸಲಕ್ಕೆ ಬದಲು ಮೂರು ಸಲ ಈ ಪಾಲು ಹೊಡೆಯುವ ಆಸಾಮಿ. 1663ರಲ್ಲಿ ಲಂಡನ್ನಿನಿಂದ ಉತ್ತರಕ್ಕೆ ಹೋಗುವ ಹೆದ್ದಾರಿಗೆ ಮೊದಲ ಬಾರಿಗೆ ಸುಂಕದ ಗೇಟು ಹಾಕಲು ಪಾರ್ಲಿಮೆಂಟು ಅನುಮತಿ ಕೊಟ್ಟಿತು. ತಿರುಗುವ ಅಡ್ಡಗೋಲಿಗೆ ‘ಟರ್ನ್‌ಪೈಕ್’ ಎಂದು ಹೆಸರು. ಅಡ್ಡಗೋಲು ಹೋಗಿ ಎಷ್ಟೋ ಕಾಲವಾದ ಮೇಲೂ, 1940ರಲ್ಲಿ ತೆರೆದ ಪೆನ್ಸಿಲ್ವೇನಿಯಾದ ರಸ್ತೆಗೂ 1951ರಲ್ಲಿ ತೆರೆದ ನ್ಯೂಜೆರ್ಸಿಯ ರಸ್ತೆಗೂ ಆ ಹೆಸರೇ ಅಂಟಿಕೊಂಡಿತು.

ಈ ಗೇಟುಗಳ ಚರಿತ್ರೆಯಲ್ಲಿ ಒಂದು ಘಟನೆಯನ್ನು ವೈದ್ಯನಾದ ನಾನು ಬಿಟ್ಟು ಮುಂದೆ ಹೋಗಲಾರೆ. 1839ರಿಂದ 1843ರವರೆಗೆ ವೇಲ್ಸ್ ಪ್ರಾಂತದ ರೈತರು ಟೋಲ್ ಗೇಟುಗಳ ವಿರುದ್ಧ ದಂಗೆ ಎದ್ದರು. ಹೊಲಕ್ಕೆ ಸುಣ್ಣ ಹೇರಿಕೊಂಡು ಹೋಗುವ ಗಾಡಿಗೆ ಹತ್ತಾರು ಮೈಲಿಯೊಳಗೆ ಹಲವು ಕಡೆ ಸುಂಕ ಕಟ್ಟಬೇಕಾಗಿತ್ತು. ಗಂಡಸರು ಹೆಂಗಸರ ಉಡುಪು ತೊಟ್ಟು, ಮುಖಕ್ಕೆ ಮಸಿ ಬಳಿದುಕೊಂಡು, ರಾತ್ರಿ ಬಂದು ಗೇಟುಗಳನ್ನು ಒಡೆದು ಸುಡುತ್ತಿದ್ದರು. ಮುಂದಾಳಿಗೆ ‘ರೆಬೆಕ್ಕ’ ಎಂದು ಹೆಸರು. ನಿನ್ನ ಸಂತತಿಯವರು ವೈರಿಗಳ ಬಾಗಿಲನ್ನು ಗೆದ್ದುಕೊಳ್ಳಲಿ ಎಂಬ ಹರಕೆ ಪಡೆದವಳು ಬೈಬಲಿನ ರೆಬೆಕ್ಕ.

ರೈತರ ಕಡೆ ನ್ಯಾಯವಿತ್ತು ಎಂಬುದನ್ನು ಸರ್ಕಾರವೇ ಒಪ್ಪಿ 1844ರಲ್ಲಿ ಕಾನೂನು ಬದಲಿಸಿತು. ಆದರೆ ಅದಕ್ಕೆ ಹಿಂದಿನ ವರ್ಷದ ಸೆಪ್ಟೆಂಬರಿನಲ್ಲಿ ಹೆಂಡಿ ಎಂಬಲ್ಲಿ ಗೇಟು ಕಾಯುತ್ತಿದ್ದ ಸಾರಾ ವಿಲಿಯಮ್ಸ್ ಎಂಬ ಮುದುಕಿ ಗುಂಡೇಟಿನಿಂದ ಸತ್ತಳು. ಶವಪರೀಕ್ಷೆ ಮಾಡಿದ ಸರ್ಜನ್ನರು ಗುಂಡಿನ ಚೂರುಗಳ ವಿಷಯವನ್ನು ಸ್ಪಷ್ಟವಾಗಿಯೇ ಹೇಳಿದರು. ಆದರೂ ಊರಿನ ಪಂಚರು ಕೊಟ್ಟ ತೀರ್ಪೇನು ಗೊತ್ತೆ? ಎದೆಯಲ್ಲಿ ರಕ್ತ ತುಂಬಿ ಉಸಿರು ಕಟ್ಟಿ ಸತ್ತಿದ್ದಾಳೆ, ರಕ್ತ ತುಂಬಲು ಕಾರಣ ಮಾತ್ರ ನಮಗೆ ತಿಳಿಯದು! ಪಂಚರಿಗೆ ಭಯವೋ, ದಂಗೆಯವರ ಮೇಲೆ ಕನಿಕರವೋ, ಅಂತೂ ಸಾವು ದಾಖಲಾಯಿತು, ಕಾರಣ ದಾಖಲಾಗಲಿಲ್ಲ. ಈ ತೀರ್ಪನ್ನು ಓದುಗರು ನೆನಪಿನಲ್ಲಿಡಬೇಕು. ಇದರ ಜಾತಿಯ ಬರವಣಿಗೆ ಮುಂದೆಯೂ ಬರುತ್ತದೆ.

ಈಗ ಗಂಟೆಯ ಟೋಲ್. ಇದು ಹುಟ್ಟಿನಿಂದಲೇ ಬೇರೆ ಪದ. ಹಳೆಯ ಇಂಗ್ಲಿಷಿನಲ್ಲಿ ಇದರ ಅರ್ಥ ಎಳೆಯುವುದು, ಸೆಳೆಯುವುದು, ಮರುಳು ಮಾಡಿ ಹತ್ತಿರಕ್ಕೆ ಕರೆಯುವುದು. ಗಂಟೆಯ ಹಗ್ಗ ಎಳೆಯುವುದರಿಂದ ಈ ಅರ್ಥ ಬಂದಿರಬೇಕೆಂದು ಕೆಲವರು, ಗಂಟೆ ಜನರನ್ನು ಚರ್ಚಿಗೆ ಸೆಳೆಯುವುದರಿಂದ ಬಂದಿರಬೇಕೆಂದು ಕೆಲವರು. ಹಳೆಯ ಅರ್ಥ ಪೂರ್ತಿ ಸತ್ತಿಲ್ಲ. ಕೆನಡಾದ ನೋವಾಸ್ಕೋಷಿಯಾದಲ್ಲಿ ‘ಡಕ್ ಟೋಲಿಂಗ್ ರಿಟ್ರೀವರ್’ ಎಂಬ ಕೆಂಚು ಬಣ್ಣದ ನಾಯಿ ಇದೆ. ನೀರಿನ ದಡದಲ್ಲಿ ಕುಣಿದಾಡಿ ಬಾತುಕೋಳಿಗಳ ಕುತೂಹಲ ಕೆರಳಿಸಿ ಬೇಟೆಗಾರನ ಹತ್ತಿರಕ್ಕೆ ಸೆಳೆಯುವುದು ಅದರ ಕಸುಬು. ಆ ನಾಯಿ ಗಂಟೆಯನ್ನೂ ಬಾರಿಸುವುದಿಲ್ಲ, ಸುಂಕವನ್ನೂ ಕೇಳುವುದಿಲ್ಲ. ಪದದ ಮೂಲ ಅರ್ಥವನ್ನು ಮಾತ್ರ ಉಳಿಸಿಕೊಂಡಿದೆ.

ಟೋಲ್ ಎಂಬ ಹೆಸರಿನ ಇನ್ನಿಬ್ಬರು ದೂರದವರೂ ಇದ್ದಾರೆ. ಅಮೆರಿಕದ ಕೋರ್ಟುಗಳಲ್ಲಿ ದಾವೆ ಹೂಡುವ ಕಾಲಮಿತಿಯನ್ನು ತಡೆಹಿಡಿಯುವುದಕ್ಕೆ ‘ಟೋಲ್’ ಮಾಡುವುದು ಎನ್ನುತ್ತಾರೆ. ಅದು ತೆಗೆದುಹಾಕು ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಬಂದದ್ದು. ಈ ದೇಶದ ವೈದ್ಯರಿಗೆ ಎಲ್ಲಕ್ಕಿಂತ ಹೆಚ್ಚು ನಡುಕ ಹುಟ್ಟಿಸುವ ಟೋಲ್ ಇದೇ! ಇನ್ನೊಂದು ನಮ್ಮ ರೋಗನಿರೋಧಕ ಶಾಸ್ತ್ರದ ‘ಟೋಲ್’. ಹಣ್ಣುನೊಣದ ಭ್ರೂಣಗಳನ್ನು ನೋಡುತ್ತಿದ್ದ ಜರ್ಮನ್ ವಿಜ್ಞಾನಿ ಕ್ರಿಸ್ಟಿಯಾನೆ ನ್ಯೂಸ್ಲೈನ್-ಫೋಲ್‌ಹಾರ್ಡ್ ಅವರು ಒಂದು ವಿಚಿತ್ರ ಭ್ರೂಣ ಕಂಡು, ‘ಅದ್ಭುತ’ ಎಂಬ ಅರ್ಥದ ತಮ್ಮ ಭಾಷೆಯ ‘ಟೋಲ್’ ಪದವನ್ನು ಉದ್ಗರಿಸಿದರಂತೆ. ಆ ಜೀನ್‌ಗೆ ಅದೇ ಹೆಸರಾಯಿತು. ಬ್ಯಾಕ್ಟೀರಿಯಾ ಮೈಯೊಳಕ್ಕೆ ಬಂದ ಕೂಡಲೇ ಅಪಾಯದ ಸೂಚನೆ ಕೊಡುವ ನಮ್ಮ ಜೀವಕೋಶಗಳ ಗ್ರಾಹಕಗಳಿಗೂ ಮುಂದೆ ಆ ಹೆಸರೇ ಬಂತು. ಈ ಸಂಶೋಧನೆಗೆ 2011ರಲ್ಲಿ ನೊಬೆಲ್ ಬಹುಮಾನದ ಪಾಲೂ ಸಿಕ್ಕಿತು. ಗಂಟೆಗೂ ಅದಕ್ಕೂ ಸಂಬಂಧವಿಲ್ಲ, ಆದರೆ ಮಾಡುವ ಕೆಲಸ ಗಂಟೆಯದೇ.

ಅದಿರಲಿ, ಚರ್ಚಿನ ಗಂಟೆಗೆ ಬರೋಣ. ನಮ್ಮಲ್ಲಿ ಗಂಟೆ ಎಂದರೆ ದೇವರ ಪೂಜೆ, ಇಲ್ಲವೇ ಹೊತ್ತು. ಸಾವಿಗೆ ಹಳೇ ಮೈಸೂರಿನ ಹಳ್ಳಿಗಳಲ್ಲಿ ದಾಸಯ್ಯನ ಶಂಖ ಜಾಗಟೆ ಉಂಟು, ತಮಟೆ ಉಂಟು. ಮಂಗಳೂರು ಕಡೆಯ ಕ್ರೈಸ್ತರಿಗೆ ಮಾತ್ರ ಸಾವಿನ ಗಂಟೆ ಊರಿನಿಂದಲೇ ಗೊತ್ತು. ಇಂಗ್ಲೆಂಡಿನಲ್ಲಿ ಅದಕ್ಕೆ ಕಟ್ಟಳೆಯೇ ಇತ್ತು. 1604ರ ಚರ್ಚಿನ ನಿಯಮದ ಪ್ರಕಾರ ಊರಿನಲ್ಲಿ ಯಾರಿಗಾದರೂ ಪ್ರಾಣ ಹೋಗುವ ಸ್ಥಿತಿ ಬಂದರೆ ಗಂಟೆಯನ್ನು ಟೋಲ್ ಮಾಡಬೇಕು. ಪಾದ್ರಿ ಕೊನೆಯ ಕರ್ತವ್ಯಕ್ಕೆ ತಡಮಾಡಬಾರದು. ಸತ್ತ ಮೇಲೆ ಒಮ್ಮೆ, ಹೂಳುವ ಮೊದಲು ಒಮ್ಮೆ, ಹೂತ ಮೇಲೆ ಒಮ್ಮೆ ಮತ್ತೆ ಬಾರಿಸಬೇಕು. ಗಮನಿಸಿ, ಮೊದಲ ಗಂಟೆ ಬದುಕಿರುವವನಿಗೆ. ಸಾಯುತ್ತಿರುವವನಿಗಾಗಿ ಊರೆಲ್ಲ ಪ್ರಾರ್ಥಿಸಲಿ ಎಂಬುದು ಅದರ ಉದ್ದೇಶ.

ಹಲವು ಊರುಗಳಲ್ಲಿ ಗಂಟೆಯೇ ವಿವರ ಹೇಳುತ್ತಿತ್ತು. ಗಂಡಸು ಸತ್ತರೆ ಮೂರು ಮೂರರಂತೆ ಒಂಬತ್ತು ಪೆಟ್ಟು, ಹೆಂಗಸಾದರೆ ಎರಡೆರಡರಂತೆ ಆರು. ಆಮೇಲೆ ವಯಸ್ಸು ಎಷ್ಟೋ ಅಷ್ಟು ಪೆಟ್ಟು. ಹೊಲದಲ್ಲಿ ಕೆಲಸ ಮಾಡುತ್ತಿದ್ದವರು ಕೈ ನಿಲ್ಲಿಸಿ ಎಣಿಸುತ್ತಿದ್ದರು: ಗಂಡಸು, ಎಪ್ಪತ್ತೆರಡು. ಅಷ್ಟು ಸಾಕಾಗಿತ್ತು, ಚಿಕ್ಕ ಊರಿನಲ್ಲಿ ಅದು ಯಾರೆಂದು ಹೇಳುವುದು ಬೇಕಿರಲಿಲ್ಲ.

ಕವಿ ಜಾನ್ ಡನ್ ಲಂಡನ್ನಿನ ಸೇಂಟ್ ಪಾಲ್ ಚರ್ಚಿನ ಮುಖ್ಯಸ್ಥನಾಗಿದ್ದವನು. 1623ರ ಕೊನೆಯಲ್ಲಿ ಆತ ಭಾರೀ ಜ್ವರದಿಂದ ಮಲಗಿದ. ಟೈಫಸ್ ಇರಬೇಕು ಅಥವಾ ಮರುಕಳಿಸುವ ಜ್ವರವಿರಬೇಕು ಎಂಬುದು ಈಗಿನವರ ಊಹೆ. ರಾಜನೇ ತನ್ನ ವೈದ್ಯನನ್ನು ಕಳಿಸಿದ. ಹಾಸಿಗೆಯಲ್ಲಿದ್ದವನ ಕಿವಿಗೆ ನೆರೆಯ ಚರ್ಚಿನ ಗಂಟೆ ಬೀಳುತ್ತಿತ್ತು. 1624ರಲ್ಲಿ ಅಚ್ಚಾದ ಅವನ ಚಿಂತನೆಗಳ ಪುಸ್ತಕದಲ್ಲಿ ಆ ಗಂಟೆಯ ಮಾತು ಬರುತ್ತದೆ. ಅದು ಬೇರೆಯವನದು ಎಂದುಕೊಳ್ಳಬೇಡ, ನಿನ್ನದೂ ಹೌದು ಎಂಬುದು ಅದರ ತಾತ್ಪರ್ಯ. 1940ರಲ್ಲಿ ಹೆಮಿಂಗ್ವೆ ತನ್ನ ಕಾದಂಬರಿಗೆ ಹೆಸರು ತೆಗೆದುಕೊಂಡದ್ದು ಅಲ್ಲಿಂದಲೇ.

ಇಲ್ಲಿಯವರೆಗೆ ನೋಡಿದ ಎರಡು ಟೋಲ್‌ಗಳು ಬೇರೆ ಬೇರೆ ಮನೆಯಲ್ಲಿ ಹುಟ್ಟಿದವು. ಆದರೆ ಡನ್ನನ ಲಂಡನ್ನಿನಲ್ಲಿಯೇ, ಚರ್ಚಿನ ಬಾಗಿಲಲ್ಲಿ, ಸುಂಕವೂ ಗಂಟೆಯೂ ಲೆಕ್ಕವೂ ಒಂದೇ ಕಡೆ ಸೇರಿದ್ದವು. ಗಂಟೆ ಬಾರಿಸುವುದಕ್ಕೆ ಶುಲ್ಕವಿತ್ತು. ದೊಡ್ಡ ಗಂಟೆಗೆ ಹೆಚ್ಚು, ಚಿಕ್ಕದಕ್ಕೆ ಕಡಿಮೆ. ಇನ್ನೊಬ್ಬರ ಸಾವಿಗೆ ದುಡ್ಡು ಕಟ್ಟಿದವರೂ ಇದ್ದರು. 1605ರಲ್ಲಿ ರಾಬರ್ಟ್ ಡೌ ಎಂಬ ವ್ಯಾಪಾರಿ ಸೇಂಟ್ ಸೆಪಲ್ಕರ್ ಚರ್ಚಿಗೆ 50 ಪೌಂಡ್ ಕೊಟ್ಟ. ಪಕ್ಕದ ನ್ಯೂಗೇಟ್ ಜೈಲಿನಲ್ಲಿ ಗಲ್ಲಿಗೆ ಹೋಗುವವರ ಕೋಣೆಯ ಹೊರಗೆ ಹಿಂದಿನ ರಾತ್ರಿ ಕೈಗಂಟೆ ಆಡಿಸಬೇಕು, ಬೆಳಿಗ್ಗೆ ದೊಡ್ಡ ಗಂಟೆ ಟೋಲ್ ಮಾಡಬೇಕು ಎಂಬುದು ಕರಾರು.

ಗಂಟೆ ಕೇಳಿಸಿದೊಡನೆ, ಅಥವಾ ಗುಂಡಿ ತೋಡುವವನಿಂದ ಸುದ್ದಿ ಬಂದೊಡನೆ, ‘ಸರ್ಚರ್’ ಎಂಬ ಹೆಸರಿನ ಇಬ್ಬರು ಬಡ ಮುದುಕಿಯರು ಆ ಮನೆಗೆ ಹೋಗುತ್ತಿದ್ದರು. ಹೆಣ ನೋಡಿ, ಮನೆಯವರನ್ನು ವಿಚಾರಿಸಿ, ಯಾವ ರೋಗದಿಂದ ಸತ್ತರೆಂದು ಚರ್ಚಿನ ಗುಮಾಸ್ತನಿಗೆ ಹೇಳುತ್ತಿದ್ದರು. ಹೆಣವೊಂದಕ್ಕೆ ನಾಲ್ಕು ಪೆನ್ಸ್ ಕೂಲಿ. ಎಲ್ಲ ಚರ್ಚುಗಳ ಲೆಕ್ಕ ಕೂಡಿಸಿ ಪ್ರತಿ ಗುರುವಾರ ಒಂದು ಹಾಳೆ ಅಚ್ಚಾಗುತ್ತಿತ್ತು. ಅದರ ಹೆಸರು ‘ಬಿಲ್ಸ್ ಆಫ್ ಮಾರ್ಟಾಲಿಟಿ’. ಕ್ಷಯ, ಸಿಡುಬು, ಪ್ಲೇಗುಗಳ ಜೊತೆಗೆ ‘ಹಲ್ಲು’, ‘ಗ್ರಹಬಡಿತ’, ‘ದುಃಖ’ ಎಂಬ ಕಾರಣಗಳೂ ಆ ಹಾಳೆಗಳಲ್ಲಿವೆ. ಓದಿದಾಗ ನಗು ಬರುತ್ತದೆ. ಆದರೆ ದುಃಖದಿಂದ ಸತ್ತವರನ್ನು ನಾನೂ ನೋಡಿದ್ದೇನೆ. ನಮ್ಮ ಫಾರಂನಲ್ಲಿ ಅದಕ್ಕೆ ಜಾಗವಿಲ್ಲ, ಅಷ್ಟೆ.

ಈ ಹಾಳೆಗಳನ್ನು ವರ್ಷಗಟ್ಟಲೆ ಕೂಡಿಟ್ಟು ಕೂತು ಓದಿದವನು ಜಾನ್ ಗ್ರಾಂಟ್ ಎಂಬ ಬಟ್ಟೆ ವ್ಯಾಪಾರಿ. ಅವನು ವೈದ್ಯನಲ್ಲ, ಗಣಿತಜ್ಞನೂ ಅಲ್ಲ. 1662ರಲ್ಲಿ ಅವನು ಪ್ರಕಟಿಸಿದ ಪುಸ್ತಕವನ್ನು ಜನಸಂಖ್ಯಾಶಾಸ್ತ್ರದ ಮೊದಲ ಪುಸ್ತಕವೆಂದು ಇಂದು ಗೌರವಿಸುತ್ತಾರೆ. ಹುಟ್ಟಿದ ನೂರು ಮಕ್ಕಳಲ್ಲಿ 36 ಮಕ್ಕಳು ಆರು ವರ್ಷ ತುಂಬುವ ಮೊದಲೇ ಸಾಯುತ್ತವೆ ಎಂದು ಅಂದಾಜು ಮಾಡಿದವನು ಅವನು. ಅದಕ್ಕಿಂತ ಮುಖ್ಯವಾಗಿ, ತನ್ನ ಅಂಕಿಗಳನ್ನು ಅನುಮಾನಿಸಿದ. ಲೈಂಗಿಕ ರೋಗದಿಂದ ಸತ್ತವರ ಸಂಖ್ಯೆ ಅಷ್ಟು ಕಡಿಮೆ ಹೇಗೆ ಎಂದು ವಿಚಾರಿಸಿದ. ಮನೆಯವರು ಮುದುಕಿಯರಿಗೆ ಒಂದಿಷ್ಟು ಬಿಯರ್ ಕುಡಿಸಿ, ನಾಲ್ಕರ ಬದಲು ಎಂಟು ಪೆನ್ಸ್ ಕೊಟ್ಟರೆ ಸಿಫಿಲಿಸ್ ಹೋಗಿ ಕ್ಷಯವಾಗುತ್ತಿತ್ತು! ಹಾಗೆಯೇ 1625ರ ಪ್ಲೇಗಿನ ವರ್ಷ ಉಳಿದ ಕಾಯಿಲೆಗಳ ಸಾವೂ ವಿಪರೀತ ಏರಿದ್ದನ್ನು ಕಂಡ. ಮಾಮೂಲಿ ವರ್ಷದಲ್ಲಿ ಎಷ್ಟು ಸಾಯುತ್ತಾರೆ, ಈ ವರ್ಷ ಎಷ್ಟು ಹೆಚ್ಚು ಎಂದು ಕಳೆದು ನೋಡಿ, ಪ್ಲೇಗಿನ ನಿಜವಾದ ಸಾವು ಹಾಳೆಯಲ್ಲಿರುವುದಕ್ಕಿಂತ ಕಾಲು ಭಾಗದಷ್ಟು ಹೆಚ್ಚು ಎಂದು ತೀರ್ಮಾನಿಸಿದ. ಪ್ಲೇಗ್ ಎಂದು ಬರೆಸಿದರೆ ಮನೆಗೆ ಬೀಗ ಬೀಳುತ್ತಿದ್ದ ಕಾಲ ಅದು.

ಮೂರೇ ವರ್ಷಕ್ಕೆ, 1665ರಲ್ಲಿ, ಮಹಾ ಪ್ಲೇಗ್ ಬಂತು. ಜುಲೈ 30ರಂದು ದಿನಚರಿಕಾರ ಸ್ಯಾಮ್ಯುಯೆಲ್ ಪೀಪ್ಸ್ ತನ್ನ ಚರ್ಚಿನ ಗಂಟೆ ಒಂದೇ ದಿನ ಐದಾರು ಸಲ ಬಾರಿಸಿದ್ದನ್ನು ನೊಂದು ಬರೆದಿದ್ದಾನೆ. ಸೆಪ್ಟೆಂಬರಿನ ಒಂದು ವಾರದ ಹಾಳೆಯಲ್ಲಿ ಪ್ಲೇಗಿನ ಸಾವು 7,165. ಆ ವರ್ಷದ ಒಟ್ಟು ಪ್ಲೇಗಿನ ಸಾವು ಹಾಳೆಗಳ ಪ್ರಕಾರ 68,596. ಗ್ರಾಂಟನ ಪಾಠ ಕಲಿತವರಿಗೆ ನಿಜ ಅದಕ್ಕಿಂತ ಹೆಚ್ಚಿತ್ತು ಎಂಬುದು ಗೊತ್ತು.

ಇಷ್ಟೆಲ್ಲ ಆದರೂ ಆ ಕಾಲದಲ್ಲಿ ಯಾರೂ ಇದನ್ನು ಡೆತ್ ಟೋಲ್ ಎಂದು ಕರೆಯಲಿಲ್ಲ. ಸತ್ತವರ ಸಂಖ್ಯೆಗೆ ಟೋಲ್ ಎನ್ನುವುದು ಹತ್ತೊಂಬತ್ತನೆಯ ಶತಮಾನದ ಬಳಕೆ, ಅದು ಬಂದದ್ದು ಗಂಟೆಯಿಂದಲ್ಲ, ಸುಂಕದಿಂದ. ಯುದ್ಧ, ಸಮುದ್ರ, ಸಾಂಕ್ರಾಮಿಕ ರೋಗಗಳು ದಾರಿಯಲ್ಲಿ ನಿಂತು ಜನರಿಂದ ಜೀವದ ಸುಂಕ ವಸೂಲು ಮಾಡುತ್ತವೆ ಎಂಬ ಕಲ್ಪನೆ. ಸಾವೆಂದರೆ ಸುಖದುಃಖ ಕೇಳದ ಸುಂಕದವನು.

ಕನ್ನಡ ಪತ್ರಿಕೆಗಳು ಇದೇ ಸುದ್ದಿಯನ್ನು ಹೇಗೆ ಬರೆಯುತ್ತವೆ? ‘ಬಸ್ ಅಪಘಾತಕ್ಕೆ ಐವರು ಬಲಿ’. ಇಂಗ್ಲಿಷರ ಸಾವು ಸುಂಕ ಕೇಳಿದರೆ ನಮ್ಮ ಸಾವು ಮಾರಿಯಂತೆ ಬಲಿ ಕೇಳುತ್ತದೆ ಎಂದು ನನಗೆ ಮೊದಲು ಅನ್ನಿಸಿತ್ತು. ಆದರೆ ಬಲಿ ಎಂಬ ಪದದ ಹಳೆಯ ಅರ್ಥ ಹುಡುಕಿದರೆ ಅಲ್ಲಿಯೂ ಸುಂಕವೇ ಕೂತಿದೆ. ಪ್ರಾಚೀನ ಭಾರತದಲ್ಲಿ ದೇವರಿಗೆ ಕೊಡುವುದೂ ಬಲಿ, ರಾಜನಿಗೆ ಕೊಡುವ ಕಪ್ಪ ಕಂದಾಯವೂ ಬಲಿ. ಅಶೋಕ ಚಕ್ರವರ್ತಿ ಬುದ್ಧ ಹುಟ್ಟಿದ ಲುಂಬಿನಿಗೆ ಹೋಗಿ ನಿಲ್ಲಿಸಿದ ಕಂಬದ ಶಾಸನದಲ್ಲಿ, ಆ ಊರನ್ನು ಬಲಿಯಿಂದ ಮುಕ್ತ ಮಾಡಿ ಬೆಳೆಯ ಎಂಟನೆಯ ಒಂದು ಪಾಲಷ್ಟೇ ಕೊಡಬೇಕೆಂದು ಬರೆಸಿದ್ದಾನೆ. ಅಂದರೆ ಸಾವಿರಾರು ಮೈಲಿ ದೂರದ ಎರಡು ಭಾಷೆಗಳು ತೆರಿಗೆಯ ಪದವನ್ನೇ ಒಯ್ದು ಸಾವಿಗೆ ಕೊಟ್ಟಿವೆ.

ಈಗ ನಮ್ಮ ಮೇಜಿಗೆ ಬರೋಣ. ಲಂಡನ್ನಿನ ಮುದುಕಿಯರ ಕೆಲಸವನ್ನು ಇಂದು ವೈದ್ಯರು ಮಾಡುತ್ತೇವೆ. ಮರಣಪತ್ರದಲ್ಲಿ ಸಾವಿನ ಕಾರಣಕ್ಕೆ ಒಂದರ ಕೆಳಗೊಂದು ಸಾಲುಗಳಿರುತ್ತವೆ. ಮೇಲಿನ ಸಾಲಿನಲ್ಲಿ ಕೊನೆಯ ಕ್ಷಣದ ಕಾರಣ, ಅದಕ್ಕೆ ಏನು ಕಾರಣ ಎಂಬುದು ಕೆಳಗೆ, ಅದಕ್ಕೂ ಏನು ಮೂಲ ಎಂಬುದು ಅದರ ಕೆಳಗೆ. ದೇಶದ ಲೆಕ್ಕಕ್ಕೆ ಹೋಗುವುದು ಸಾಮಾನ್ಯವಾಗಿ ಎಲ್ಲಕ್ಕಿಂತ ಕೆಳಗಿನ ಸಾಲು. ರೆಸಿಡೆನ್ಸಿಯ ದಿನಗಳಲ್ಲಿ ನಮ್ಮ ಹಿರಿಯ ವೈದ್ಯರೊಬ್ಬರು ಹೃದಯ ನಿಂತಿತು ಎಂದಷ್ಟೇ ಬರೆದ ಪತ್ರವನ್ನು ವಾಪಸು ಕೊಡುತ್ತಿದ್ದರು. ಸತ್ತ ಎಲ್ಲರ ಹೃದಯವೂ ನಿಂತಿರುತ್ತದೆ, ಯಾಕೆ ನಿಂತಿತು ಹೇಳಿ ಎನ್ನುತ್ತಿದ್ದರು. ಹೆಂಡಿಯ ಪಂಚರ ತೀರ್ಪಿಗೂ ಅಂಥ ಪತ್ರಕ್ಕೂ ಏನು ವ್ಯತ್ಯಾಸ? ರಾತ್ರಿ ಪಾಳಿಯ ಕೊನೆಯಲ್ಲಿ, ನಿದ್ದೆಗಣ್ಣಿನಲ್ಲಿ ತುಂಬಿಸುವ ಆ ಒಂದು ಸಾಲಿನಿಂದಲೇ ಡೆತ್ ಟೋಲ್ ಎಂಬ ದೊಡ್ಡ ಸಂಖ್ಯೆ ಹುಟ್ಟುತ್ತದೆ.

ಕೋವಿಡ್ ಬಂದಾಗ ಇದೆಲ್ಲ ಮತ್ತೆ ಎದುರಿಗೆ ಬಂತು. ಭಾರತದಲ್ಲಿ 2020ರಲ್ಲಿ ನೋಂದಣಿಯಾದ ಸಾವುಗಳಲ್ಲಿ ವೈದ್ಯರು ಕಾರಣ ಬರೆದುಕೊಟ್ಟದ್ದು ನಾಲ್ಕರಲ್ಲಿ ಒಂದಕ್ಕಿಂತ ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆ 2022ರ ಮೇ ತಿಂಗಳಲ್ಲಿ ಗ್ರಾಂಟನ ದಾರಿಯನ್ನೇ ಹಿಡಿದು ಲೆಕ್ಕ ಹಾಕಿತು. 2020 ಮತ್ತು 2021ರಲ್ಲಿ ಜಗತ್ತಿನಲ್ಲಿ ಮಾಮೂಲಿಗಿಂತ ಹೆಚ್ಚಾಗಿ ಸತ್ತವರು ಸುಮಾರು 1 ಕೋಟಿ 49 ಲಕ್ಷ. ದೇಶಗಳು ವರದಿ ಮಾಡಿದ್ದು ಸುಮಾರು 54 ಲಕ್ಷ. ಭಾರತಕ್ಕೆ ಅದರ ಅಂದಾಜು 47 ಲಕ್ಷ. ಸರ್ಕಾರದ ಲೆಕ್ಕ 4 ಲಕ್ಷ 81 ಸಾವಿರ. ಭಾರತ ಸರ್ಕಾರ ಆ ಅಂದಾಜನ್ನು ಒಪ್ಪಲಿಲ್ಲ. ವಾದ ಏನೇ ಇರಲಿ, ವಿಮಾನವಿಲ್ಲದ ಆ ದಿನಗಳಲ್ಲಿ ಅಪ್ಪ ಅಮ್ಮನ ಅಂತ್ಯಕ್ರಿಯೆಯನ್ನು ಫೋನಿನ ಪರದೆಯಲ್ಲಿ ನೋಡಿದವರು ನಮ್ಮಂಥ ಪ್ರತಿ ಸಂಘದಲ್ಲೂ ಇದ್ದಾರೆ. ಅವರ ಮನೆಯ ಸಾವು ಯಾವ ಕಾಲಮ್ಮಿನಲ್ಲಿ ಸೇರಿತು, ಸೇರಿತೋ ಇಲ್ಲವೋ ಎಂಬುದು ಅವರಿಗೆ ಅಂಕಿ ಅಂಶದ ಪ್ರಶ್ನೆಯಲ್ಲ.

ಆಗ ಈ ದೇಶದಲ್ಲಿ ಒಂದು ಕೆಲಸ ನಡೆಯಿತು. ವಾಷಿಂಗ್ಟನ್ನಿನ ನ್ಯಾಷನಲ್ ಕೆಥೆಡ್ರಲ್‌ನಲ್ಲಿ ಸತ್ತವರಿಗಾಗಿ ದೊಡ್ಡ ಗಂಟೆಯನ್ನು ಟೋಲ್ ಮಾಡಿದರು. ಸಂಖ್ಯೆ ಎರಡು ಲಕ್ಷ ಮುಟ್ಟಿದಾಗ ಇನ್ನೂರು ಪೆಟ್ಟು, ಐದು ಲಕ್ಷ ಮುಟ್ಟಿದಾಗ ಐನೂರು. 2022ರ ಮೇ ತಿಂಗಳಲ್ಲಿ ಹತ್ತು ಲಕ್ಷವಾದಾಗ ಸಾವಿರ ಪೆಟ್ಟು. ಸುಂಕದಿಂದ ಹುಟ್ಟಿದ ಟೋಲನ್ನು ಹಗ್ಗ ಎಳೆಯುವುದರಿಂದ ಹುಟ್ಟಿದ ಟೋಲ್ ಹೀಗೆ ಎಣಿಸಿತು. ನಿಘಂಟಿನಲ್ಲಿ ದೂರದೂರವಿದ್ದ ಎರಡು ಪದಗಳು ಗೋಪುರದ ಮೇಲೆ ಒಂದಾದವು.

ಆದರೆ ಲೆಕ್ಕ ನೋಡಿ: ಒಂದು ಪೆಟ್ಟಿಗೆ ಸಾವಿರ ಜನ. ಹಿಂದೆ ಒಬ್ಬ ಗಂಡಸಿಗೆ ಒಂಬತ್ತು ಪೆಟ್ಟು, ಮೇಲೆ ಎಪ್ಪತ್ತೆರಡು ವರ್ಷಕ್ಕೆ ಎಪ್ಪತ್ತೆರಡು ಪೆಟ್ಟು ಸಲ್ಲುತ್ತಿತ್ತು. ಹತ್ತು ಲಕ್ಷ ಜನಕ್ಕೆ ಹಾಗೆ ಬಾರಿಸುತ್ತ ಕೂತರೆ ವರ್ಷಗಳೇ ಬೇಕು. ಯಾವ ಗಂಟೆಯಿಂದಲೂ ಆಗದ ಕೆಲಸ ಅದು. ಒಬ್ಬೊಬ್ಬರನ್ನೂ ಬಿಡದೆ, ಹೆಸರು, ವಯಸ್ಸು, ಕಾರಣ ಸಮೇತ ಎಣಿಸುವ ಜಾಗ ಈಗ ಉಳಿದಿರುವುದು ಒಂದೇ, ಆ ಮರಣಪತ್ರದ ಹಾಳೆ. ಊರಿನಲ್ಲಿ ಹಿರಿಯರು ತೀರಿಕೊಂಡಾಗ, ಹದಿಮೂರು ದಿನದ ಗಡಿಬಿಡಿಯ ನಡುವೆಯೂ, ಆ ಹಾಳೆಯಲ್ಲಿ ಕಾರಣ ಸರಿಯಾಗಿ ಬರೆದಿದೆಯೇ ಎಂದು ಒಮ್ಮೆ ಕೇಳಿ ನೋಡಿ. ಅದಕ್ಕೆ ಸುಂಕವೇನೂ ಇಲ್ಲ.